ನೆರೆಮನೆಯ ಅನ್ಯಾಯ

ಪರರನ್ನು ತಿದ್ದಹೊರಡುವ ಮೊದಲು ಮನುಷ್ಯನು ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬುದು ಬಸವಣ್ಣನವರ ಬೋಧೆ. ಈ ಬೋಧೆಯನ್ನು ಒಪ್ಪಿದವರ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಅನ್ಯಮತೀಯರ ಸಮಾಜದಲ್ಲಿ ಅನ್ಯಾಯವು ನಡೆಯುತ್ತಿರುವಾಗ, ಅದು ಅವರ ಮನೆಯ ಮಾತೆಂದು ಸಜ್ಜನನು ಸುಮ್ಮನಿರಬೇಕೆ? ಇಲ್ಲವೆ ನೊಂದವರ ಪಕ್ಕದಲ್ಲಿ ಹೋಗಿ ನಿಲ್ಲಬೇಕೆ? ಬರಿಯ ತರ್ಕದಿಂದ ಬಗೆಹರಿಯದ ಈ ಪ್ರಶ್ನೆಗೆ ವೈಕಂ ಸತ್ಯಾಗ್ರಹದ ವೃತ್ತಾಂತವು ಒಳ್ಳೆಯ ಒರೆಗಲ್ಲಾಗಿದೆ.

ವೈಕಂ ಹಿಂದಿನ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ, ಇಂದಿನ ಕೇರಳದ ಒಂದು ಊರು. ಅಲ್ಲಿಯ ಮಹಾದೇವನ ದೇವಾಲಯದ ಸುತ್ತಣ ಬೀದಿಗಳಲ್ಲಿ ಈಳವ, ಪುಲಯ ಮೊದಲಾದ ಜಾತಿಗಳವರು ನಡೆಯಕೂಡದೆಂಬ ನಿಷೇಧವಿದ್ದಿತು. ಅದೇ ಬೀದಿಗಳಲ್ಲಿ ಕ್ರೈಸ್ತರೂ ಮುಸಲ್ಮಾನರೂ ತಡೆಯಿಲ್ಲದೆ ಓಡಾಡುತ್ತಿದ್ದರು. ಆ ದೇವನನ್ನು ನಂಬಿದವನಿಗೆ ಬೀದಿ ಮುಚ್ಚಿದ್ದಿತು, ನಂಬದವನಿಗೆ ತೆರೆದಿದ್ದಿತು! 1924ರ ಮಾರ್ಚ್ 30ರಂದು ಪುಲಯ, ಈಳವ, ನಾಯರ್ ಕುಲಗಳಿಗೆ ಸೇರಿದ ಮೂವರು ನಿಷೇಧದ ಫಲಕದವರೆಗೆ ಜೊತೆಯಾಗಿ ನಡೆದು, ಮುಂದಡಿಯಿಡಲು ಯತ್ನಿಸಿ ಬಂಧಿತರಾದರು. ಸತ್ಯಾಗ್ರಹವು ಹೀಗೆ ಮೊದಲಾಯಿತು.

ಏಪ್ರಿಲ್ ತಿಂಗಳಲ್ಲಿ ಟಿ. ಕೆ. ಮಾಧವನ್, ಕೆ. ಪಿ. ಕೇಶವ ಮೇನೋನ್ ಮುಂತಾದ ಮುಂದಾಳುಗಳು ಸೆರೆಮನೆ ಸೇರಿದಾಗ, ಕ್ರೈಸ್ತರಾದ ಬ್ಯಾರಿಸ್ಟರ್ ಜಾರ್ಜ್ ಜೋಸೆಫರು ಭಾರವನ್ನು ಹೊತ್ತು ತಾವೂ ಬಂಧನಕ್ಕೊಳಗಾದರು. ದೂರದ ಪಂಜಾಬಿನಿಂದ ಅಕಾಲಿ ಸಿಖ್ಖರು ಬಂದು ಸ್ವಯಂಸೇವಕರಿಗಾಗಿ ಉಚಿತ ಭೋಜನಶಾಲೆಯನ್ನು ತೆರೆದರು. ದಾಸೋಹದ ಮಹಿಮೆಯನ್ನು ಬಲ್ಲವರಿಗೆ ಈ ಅನ್ನದಾನದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮಹಾತ್ಮಾ ಗಾಂಧಿಯವರು ಇವೆರಡನ್ನೂ ಒಪ್ಪಲಿಲ್ಲ. ಅಸ್ಪೃಶ್ಯತೆಯು ಹಿಂದೂಗಳ ಪಾಪ, ಅದರ ಪ್ರಾಯಶ್ಚಿತ್ತವೂ ಹಿಂದೂಗಳದೇ ಎಂಬುದು ಅವರ ಅಭಿಮತ. ಜೋಸೆಫರು ಹಿಂದೆ ಸರಿಯಬೇಕೆಂದು ಅವರು ಪತ್ರ ಬರೆದರು. ಪರರ ಅನ್ನದಿಂದ ಸತ್ಯಾಗ್ರಹಿಗಳ ಸ್ವಾಭಿಮಾನಕ್ಕೆ ಕುಂದೆಂದು ಭಾವಿಸಿದ್ದರಿಂದ ಭೋಜನಶಾಲೆಯೂ ಮುಚ್ಚಿತು.

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಬ್ಬನ ಪಾಪವನ್ನು ಇನ್ನೊಬ್ಬನು ತೊಳೆಯಲಾರನು. ಅದೇ ವರ್ಷ ನವೆಂಬರಿನಲ್ಲಿ ಮನ್ನತ್ತು ಪದ್ಮನಾಭನ್ ಅವರ ನೇತೃತ್ವದಲ್ಲಿ ಸವರ್ಣೀಯರೇ ತಿರುವನಂತಪುರದವರೆಗೆ ಕಾಲುನಡಿಗೆಯಲ್ಲಿ ಹೋಗಿ, ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿದ ಸವರ್ಣೀಯರ ಸಹಿಯಿದ್ದ ಬಿನ್ನಹವನ್ನು ಮಹಾರಾಣಿಯವರಿಗೆ ಅರ್ಪಿಸಿದರು. ಆ ಬಿನ್ನಹಕ್ಕಿದ್ದ ನೈತಿಕ ಬಲವು ಹೊರಗಿನವರ ಸಾವಿರ ಭಾಷಣಗಳಿಗೆ ಬರಲಾರದು.

ಆದರೂ ವಿಚಾರವು ಇಲ್ಲಿಗೆ ಮುಗಿಯುವುದಿಲ್ಲ. ವೈಕಂನಲ್ಲಿ ಕೇಳಿದ್ದು ಗರ್ಭಗುಡಿಯ ಪ್ರವೇಶವನ್ನಲ್ಲ, ನಡೆಯುವ ದಾರಿಯನ್ನು. ಪೂಜೆಯ ವಿಧಿ ಒಂದು ಮತದ್ದಾಗಿರಬಹುದು, ಬೀದಿ ಎಲ್ಲರದು. ನೆರೆಯವನಿಗೆ ಮುಚ್ಚಿದ ದಾರಿಯಲ್ಲಿ ತಾನು ನಿಶ್ಚಿಂತನಾಗಿ ನಡೆಯುವವನು ಯಾವ ಮತದವನಾದರೂ ಆ ಅನ್ಯಾಯಕ್ಕೆ ಹೊರಗಿನವನಲ್ಲ. ತನಗೆ ದೊರೆತ ಸೌಕರ್ಯದಿಂದಲೇ ಅವನು ಅದರಲ್ಲಿ ಪಾಲುಗಾರನಾಗಿರುತ್ತಾನೆ. ಜೋಸೆಫರು ನೊಂದವರ ಪಕ್ಕದಲ್ಲಿ ನಿಂತುದನ್ನು ಈ ದೃಷ್ಟಿಯಿಂದ ನೋಡಿದರೆ, ಅದು ಪರರನ್ನು ತಿದ್ದುವ ಸಾಹಸವಲ್ಲ, ತಮ್ಮ ಪಾಲಿನ ಋಣವನ್ನು ತೀರಿಸಿದ ನಡೆ. ಶರಣರ ಬೋಧೆಗೂ ಇಲ್ಲಿ ವಿರೋಧವಿಲ್ಲ. ತನ್ನನ್ನು ತಿದ್ದಿಕೊಳ್ಳುವುದೆಂದರೆ ತನ್ನ ಕಾಲು ನಡೆಯುವ ದಾರಿಯನ್ನು ಪರೀಕ್ಷಿಸುವುದೂ ಆಗಿದೆ.

ಆದುದರಿಂದ ಎರಡು ಕರ್ತವ್ಯಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಪ್ರಾಯಶ್ಚಿತ್ತವು ಮನೆಯವರದು, ನ್ಯಾಯವು ಎಲ್ಲರದು. ನೆರವಿಗೆ ಬಂದ ಅನ್ಯಮತೀಯನು ಮನೆಯ ಯಜಮಾನಿಕೆಯನ್ನು ಬಯಸಬಾರದು, ತನ್ನ ಮತದ ಹಿರಿಮೆಯನ್ನು ಸಾರಲು ಇದನ್ನೊಂದು ಸಂದರ್ಭವಾಗಿ ಬಳಸಬಾರದು. ಮನೆಯವನಾದರೋ, ನೆರವಿಗೆ ಬಂದವನನ್ನು ಹೊರಗಿನವನೆಂದು ಹಳಿದು ತನ್ನ ತಪ್ಪನ್ನು ಮರೆಸಬಾರದು.

1925ರ ನವೆಂಬರ್ 23ರಂದು ಸತ್ಯಾಗ್ರಹವು ಮುಗಿದಾಗ ಮೂರು ದಿಕ್ಕಿನ ಬೀದಿಗಳು ತೆರೆದವು, ಪೂರ್ವದ ಬೀದಿ ತೆರೆಯಲಿಲ್ಲ. ದೇವಾಲಯದ ಬಾಗಿಲು ತೆರೆದದ್ದು 1936ರ ಘೋಷಣೆಯಿಂದ. ತೆರೆಯದೆ ಉಳಿದ ಇಂಥ ಬೀದಿಗಳು ಪ್ರತಿಯೊಂದು ಸಮಾಜದಲ್ಲಿಯೂ ಉಂಟು. ಅವುಗಳಲ್ಲಿ ತಾನು ನಡೆಯುತ್ತಿರುವುದು ಯಾವುದೆಂಬುದನ್ನು ಪ್ರತಿಯೊಬ್ಬನೂ ತನ್ನ ಅಂತಃಸಾಕ್ಷಿಯನ್ನು ಕೇಳಿಕೊಳ್ಳಬೇಕಾಗಿದೆ.