ಟನ್ನಿಗೆ 27 ರೂಪಾಯಿ

ದೇಶ ದೇಶಗಳಲ್ಲಿ ವ್ಯವಹಾರ ಮಾಡುವ ಕಂಪನಿಗಳ ನ್ಯಾಯಾನ್ಯಾಯದ ಮಾತು ಬಂದರೆ ಒಂದು ಉತ್ತರ ಸಿದ್ಧವಾಗಿಯೇ ಇರುತ್ತದೆ: ಆಯಾ ದೇಶದ ಕಾನೂನು ಪಾಲಿಸಿದರೆ ಆಯಿತು, ಮಿಕ್ಕಿದ್ದು ಸರ್ಕಾರದ ತಲೆನೋವು. ಎಂಬಿಎ ಮುಗಿಸಿದ ನನ್ನ ಅಕ್ಕನ ಮಗ ಇದನ್ನೇ ಚುಟುಕಾಗಿ, "ಕಂಪನಿ ಏನು ಧರ್ಮಛತ್ರನಾ ಮಾಮ?" ಅನ್ನುತ್ತಾನೆ. ಬಳ್ಳಾರಿ ಗಣಿನಾಡಿನ ಬಂಡ್ರಿಯಲ್ಲಿ ಕೂತು ಈ ಮಾತು ಕೇಳಿದರೆ ಮೈ ಉರಿಯುತ್ತದೆ.

ಗಾಂಧೀಜಿಯ ಧರ್ಮದರ್ಶಿತ್ವವನ್ನು ಅವನ ಮುಂದಿಡಬಹುದಿತ್ತು. ಸಿರಿವಂತರ ಒಳ್ಳೆಯತನವನ್ನೇ ನೆಚ್ಚಿದ ಆ ವಾದ ನನಗೇ ರುಚಿಸದು. ತತ್ವಜ್ಞಾನಿ ಕಾಂಟ್ ಹೇಳಿದ ಕರ್ತವ್ಯ ಅದಿರು ತುಂಬುವ ನಮ್ಮ ಲೋಡಿಂಗ್ ಪಾಯಿಂಟಿನ ತನಕ ಬರುವುದಿಲ್ಲ. ಹಿಡಿದು ಜಗ್ಗಬೇಕಾದವನು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. ವ್ಯಾಪಾರಕ್ಕಿರುವ ಸಾಮಾಜಿಕ ಹೊಣೆ ಲಾಭ ಹೆಚ್ಚಿಸುವುದೊಂದೇ ಎಂದು 1970ರಲ್ಲಿ ಬರೆದವನು ಅವನು. ಜೊತೆಗೊಂದು ಷರತ್ತನ್ನೂ ಹಾಕಿದ: ಆಟದ ನಿಯಮ ಮೀರಬಾರದು, ಮೋಸ ಕೂಡದು. ಹಾಗಾಗಿ ನಕಲಿ ಪರ್ಮಿಟ್ಟು, ಓವರ್‌ಲೋಡು, ಬೇಲೆಕೇರಿ ಬಂದರಿನಿಂದ ಜಪ್ತಿ ಅದಿರು ಮಾಯವಾದದ್ದು, ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿಯಲ್ಲಿರುವ ಮಿಕ್ಕ ಸಂಗತಿಗಳು, ಇವನ್ನೆಲ್ಲ ಅವನ ತಲೆಗೆ ಕಟ್ಟುವಂತಿಲ್ಲ. ನನ್ನ ಜಗಳ ಕಾನೂನಿನ ಒಳಗೇ ನಡೆದದ್ದರ ಬಗ್ಗೆ.

ಸಂಡೂರು ಗುಡ್ಡಗಳ ಪುಡಿ ಅದಿರನ್ನು, ಇಲ್ಲಿ ಫೈನ್ಸ್ ಅನ್ನುತ್ತಾರೆ, ಒಂದು ಕಾಲಕ್ಕೆ ಗಣಿಯವರೇ ಬೇಡವೆಂದು ಡಂಪಿಗೆ ಸುರಿಯುತ್ತಿದ್ದರು. ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಅದು ಬೇಕಾಯಿತು. ಟನ್ನಿಗೆ ಸಾವಿರಾರು ರೂಪಾಯಿಯಂತೆ ಅದು ಹಡಗು ಹತ್ತುವಾಗ ಕಬ್ಬಿಣದ ಅದಿರಿಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಯಲ್ಟಿ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ, ಪುಡಿಗೆ ಇನ್ನೂ ಕಡಿಮೆ. 2009ರಲ್ಲಿ ಅದು ಬೆಲೆಯ ಶೇ. 10 ಆಗುವ ತನಕ ಇದೇ ನಿಯಮ. ಅಷ್ಟನ್ನು ಕಟ್ಟಿ ರಸೀದಿ ಪಡೆದವನು ಫ್ರೀಡ್‌ಮನ್ ಲೆಕ್ಕದಲ್ಲಿ ಸಾಚಾ. ರಾಯಲ್ಟಿ ಗೊತ್ತುಮಾಡುವುದು ದೆಹಲಿ, ನಿಜ. ಗುತ್ತಿಗೆ ಶಿಫಾರಸು, ಪರ್ಮಿಟ್ಟು ಆಗ ಬೆಂಗಳೂರಿನ ಕೈಯಲ್ಲಿದ್ದವು. 2008ರ ಹೊತ್ತಿಗೆ ಅಲ್ಲಿಯ ಮಂತ್ರಿಮಂಡಲದಲ್ಲಿ ಗಣಿಧಣಿಗಳೇ ಕೂತಿದ್ದರು. ಆಡುವವನೇ ಅಂಪೈರ್ ಆದಮೇಲೆ ನಿಯಮ ಮೀರುವ ದರ್ದು ಯಾರಿಗೆ?

ಆಸ್ಟ್ರೇಲಿಯಾದ ಒಂದು ಪ್ರಕರಣ ನನ್ನ ಪರ ನಿಲ್ಲುತ್ತದೆ ಅಂದುಕೊಂಡಿದ್ದೆ. 2020ರ ಮೇ ತಿಂಗಳಲ್ಲಿ ರಿಯೊ ಟಿಂಟೊ ಕಂಪನಿ ಕಬ್ಬಿಣದ ಅದಿರಿಗಾಗಿ ಜುಕನ್ ಕಣಿವೆಯಲ್ಲಿ, 46 ಸಾವಿರ ವರ್ಷಗಳ ಹಿಂದೆಯೇ ಮನುಷ್ಯರು ಬಳಸಿದ್ದ ಕಲ್ಲಾಸರೆಗಳನ್ನು ಸಿಡಿಸಿತು. ಸರ್ಕಾರದ ಅನುಮತಿ ಕೈಯಲ್ಲೇ ಇತ್ತು. ಆದರೂ ಹೂಡಿಕೆದಾರರು ಸಿಟ್ಟಿಗೆದ್ದು ಕಂಪನಿಯ ಮುಖ್ಯಸ್ಥ ಕುರ್ಚಿ ಬಿಡಬೇಕಾಯಿತು. ಕಾನೂನು ಸಾಲದು ಅಂತ ಲಾಭದ ಒಡೆಯರೇ ಹೇಳಿದ ಹಾಗಾಯಿತಲ್ಲ! ಆದರೆ ಫ್ರೀಡ್‌ಮನ್ ಇದಕ್ಕೂ ಜಗ್ಗುವವನಲ್ಲ. ಮ್ಯಾನೇಜರ್ ಒಡೆಯರ ಆಳು, ಒಡೆಯರು ಕೇಳಿದ್ದನ್ನು ಕೊಡಲೇಬೇಕು, ನಾನು ಹೇಳಿದ್ದೂ ಅದನ್ನೇ, ಅನ್ನುತ್ತಾನೆ. ಇಲ್ಲಿ ಅವನನ್ನು ಮಣಿಸುವ ಪಟ್ಟು ನನಗೆ ಸಿಕ್ಕಿಲ್ಲ.

ಇನ್ನೊಂದು ಕಡೆಯೂ ಅವನು ಗೆಲ್ಲುತ್ತಾನೆ. ಕಂಪನಿ ಸಮಾಜಸೇವೆಗೆ ಇಳಿದರೆ ಅದರ ಮ್ಯಾನೇಜರ್ ಯಾರೂ ಚುನಾಯಿಸದ ಸರ್ಕಾರಿ ಅಧಿಕಾರಿಯಾಗುತ್ತಾನೆ ಎಂಬ ಭಯ ಅವನಿಗಿತ್ತು. ಗ್ರಾಮಸಭೆಯೊಂದರಲ್ಲಿ ಕುಡಿಯುವ ನೀರಿನ ಘಟಕ ಕೇಳಿದ್ದಕ್ಕೆ "ಕಂಪನಿಯೋರಿಗೆ ಒಂದು ಅರ್ಜಿ ಕೊಡ್ರಿ" ಎಂಬ ಉತ್ತರ ಕೇಳಿಸಿಕೊಂಡ ನಾನು ಅದನ್ನು ಅಲ್ಲಗಳೆಯಲಾರೆ. ಪ್ರಜೆ ಅರ್ಜಿದಾರನಾದ, ಅದೂ ಯಾರ ಬಾಗಿಲಲ್ಲಿ! ಇದಕ್ಕಿಂತ 2015ರ ಜಿಲ್ಲಾ ಖನಿಜ ಪ್ರತಿಷ್ಠಾನದ ಕಾನೂನು ಮೇಲು. ಹಳೆಯ ಗುತ್ತಿಗೆಯವರು ರಾಯಲ್ಟಿಯ ಶೇ. 30ರಷ್ಟನ್ನು ಗಣಿಬಾಧಿತ ಊರುಗಳಿಗಾಗಿ ಇರುವ ಆ ಪ್ರತಿಷ್ಠಾನಕ್ಕೆ ಕಟ್ಟಬೇಕು. ಅದು ದಾನವಲ್ಲ, ಬಾಕಿ. ಆದರೆ ಆ ಬಾಕಿ ಬಂದರಿಗೇ ಮುಗಿಯುತ್ತದೆ. ಹಡಗಿನ ಆಚೆ ಕೊಳ್ಳುವವನಿಗೆ ಅದರ ಗೊಡವೆಯಿಲ್ಲ.

ಕೊಳ್ಳುವವನೂ ಕೇಳಬೇಕು ಎಂಬುದು ನನ್ನ ವಾದ: ಈ ಗುಡ್ಡಕ್ಕೆ ಎಷ್ಟು ಕೊಟ್ಟಿರಿ, ದಾರಿಯ ಊರುಗಳು ಒಪ್ಪಿದವೇ ಅಂತ. ನಮ್ಮ ಹತ್ತಿ ಹೊಲ ಅದಿರು ಲಾರಿಗಳ ರಸ್ತೆಗೆ ಹತ್ತಿಕೊಂಡೇ ಇತ್ತು. ಬಿಡಿಸಿದ ಹತ್ತಿಯನ್ನು ಹಿಂಜಿದರೆ ಒಳಗೂ ಕೆಂಪು ಧೂಳು. ದಲಾಲರು ಮುಟ್ಟಿ ನೋಡಿ ದರ ಇಳಿಸುತ್ತಿದ್ದರು. ಅಂಥ ಪ್ರಶ್ನೆ ಯಾರಾದರೂ ಕೇಳಿದ್ದರೆ ಅಪ್ಪ ಬೇಡವೆನ್ನುತ್ತಿದ್ದ. ಅದೇ ಮನೆಯ ಅಣ್ಣ ಫೈನಾನ್ಸಿನಲ್ಲಿ ಅದಿರು ಸಾಗಿಸುವ ಟಿಪ್ಪರ್ ತಂದಿದ್ದ, ಅದರ ಬಾಡಿಗೆಯಲ್ಲಿ ಮನೆಗೆ ಆರ್‌ಸಿಸಿ ಚಾವಣಿ ಬಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಟಿಪ್ಪರ್ ಬಾಗಿಲಲ್ಲಿ ನಿಂತಿತು, ಕಂತು ನಿಲ್ಲಲಿಲ್ಲ. ಊರು ಒಪ್ಪಿತೇ ಎಂದು ಕೇಳುವ ಕಂಪನಿ ಅಪ್ಪ, ಅಣ್ಣ ಇಬ್ಬರಲ್ಲಿ ಯಾರ ಸಹಿ ಪಡೆಯಬೇಕು, ಇಬ್ಬರೂ ಒಪ್ಪದಿದ್ದರೆ ಮುಂದಿನ ಹಡಗನ್ನು ಬ್ರೆಜಿಲ್ಲಿಗೆ ತಿರುಗಿಸುವುದು ನ್ಯಾಯವೇ, ಎಂಬುದಕ್ಕೆ ನನ್ನ ವಾದದಲ್ಲಿ ಇನ್ನೂ ಜಾಗ ಮಾಡಿಕೊಟ್ಟಿಲ್ಲ.