ಗಟ್ಟಿ ಸದ್ದಿನ ಸುಳ್ಳು

ಫೈಬರ್‌ಗ್ಲಾಸ್ ಕೊಳೆಯಲ್ಲ. ಹಳೇ ಹಾಯಿದೋಣಿ ಮಾರುವವರು ಹೇಳೋ ಮಾತಿದು. ನಿಜವೇ, ಆದರೆ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ 1960, 70ರ ದಶಕಗಳಲ್ಲಿ ತಯಾರಾದ ಎಷ್ಟೋ ದೋಣಿಗಳ ಡೆಕ್, ಅಂದರೆ ನಾವು ನಿಂತು ಓಡಾಡುವ ಮೇಲ್ಭಾಗ, ಬರೀ ಫೈಬರ್‌ಗ್ಲಾಸ್ ಅಲ್ಲ. ಮೇಲೊಂದು ತೆಳು ಪದರ, ಕೆಳಗೊಂದು, ನಡುವೆ ಬಾಲ್ಸಾ ಅನ್ನೋ ಹಗುರ ಮರದ ತುಂಡುಗಳು. ತೂಕ ಹೆಚ್ಚದೆ ಡೆಕ್ ಬಿಗಿಯಾಗಿರೋದು ಈ ಮರದಿಂದ. ಅಂಚಿನ ಕಂಬಿಗೆ, ಹಗ್ಗ ಕಟ್ಟೋ ಗೂಟಕ್ಕೆ ಅಂತ ಯಾರೋ ಕೊರೆದ ತೂತಿನ ಸೀಲಂಟ್ ಬಿರುಕುಬಿಟ್ಟರೆ ನೀರು ಒಳಗಿಳಿಯುತ್ತೆ. ವರ್ಷಗಟ್ಟಲೆ. ಮೇಲೆ ಬಣ್ಣ ಥಳಥಳ, ಒಳಗೆ ಕಪ್ಪು ರಾಡಿ. ಗೆದ್ದಲು ತಿಂದ ಬಾಗಿಲಿಗೆ ಪೇಂಟ್ ಹೊಡೆದ ಹಾಗೆ.

ಸಿಯಾಟಲ್‌ನಲ್ಲಿ ಆನ್‌ಸೈಟ್ ಇದ್ದಾಗ ಸಹೋದ್ಯೋಗಿಯೊಬ್ಬರ ಇಂಥದೊಂದು ದೋಣಿಯಲ್ಲಿ ನಾಲ್ಕಾರು ವೀಕೆಂಡ್ ಕೆಲಸ ಮಾಡಿದೆ. ಕೊಳೆತ ಜಾಗ ಹುಡುಕೋ ವಿಧಾನ ನನಗೆ ಹೊಸದಲ್ಲ; ಊರಲ್ಲಿ ಹಲಸಿನಹಣ್ಣು ತಟ್ಟಿ ನೋಡಲ್ವಾ, ಹಾಗೇ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗೋದು. ಟಕ್ ಅಂದರೆ ಸರಿ, ದೊಪ್ ಅಂದರೆ ಚಾಕ್‌ಪೀಸಲ್ಲಿ ಗೆರೆ.

ರಿಪೇರಿಗೆ ಎರಡು ದಾರಿ. ಸರಿಯಾದದ್ದು ಪ್ರಾಣ ತೆಗೆಯುತ್ತೆ. ಗರಗಸದ ಆಳ ಹೊಂದಿಸಿ ಮೇಲಿನ ಪದರ ಮಾತ್ರ ಕೊಯ್ದು ಎತ್ತಬೇಕು. ಕೊಳೆತದ್ದನ್ನು ಉಳಿಯಲ್ಲಿ ಕೆರೆದು, ಪೂರ್ತಿ ಒಣಗಿಸಿ, ಹೊಸ ಬಾಲ್ಸಾವನ್ನು ಎಪಾಕ್ಸಿಯಲ್ಲಿ ಕೂರಿಸಿ, ಪದರ ಮುಚ್ಚಬೇಕು. ಕೊಯ್ದ ಅಂಚನ್ನು ಪದರದ ದಪ್ಪದ ಸುಮಾರು 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ ಗ್ಲಾಸ್ ಬಟ್ಟೆ ಅಂಟಿಸಬೇಕು. ಆಮೇಲೂ ಉಜ್ಜೋದು ಮುಗಿಯಲ್ಲ. ಮೈಯೆಲ್ಲಾ ತುರಿಕೆ. ಇನ್ನೊಂದು ದಾರಿ ಒಂದೇ ವೀಕೆಂಡಿನದು: ಮೇಲಿಂದ ಸಾಲಾಗಿ ಸಣ್ಣ ತೂತು ಕೊರೆದು, ಸಿರಿಂಜಿನಲ್ಲಿ ಎಪಾಕ್ಸಿ ತುಂಬಿ, ಬಣ್ಣ ಹೊಡೆಯೋದು. ಒಣಗಿದ ಪದರ ಬಿಟ್ಟುಕೊಂಡಿದ್ದರೆ ಸರಿ. ಒದ್ದೆ, ಕೊಳೆತ ಮರಕ್ಕೆ ಎಪಾಕ್ಸಿ ಹಿಡಿಯಲ್ಲ.

ದೋಣಿಯ ಬೆಲೆಗಿಂತ ರಿಪೇರಿ ಖರ್ಚೇ ಜಾಸ್ತಿ ಅನ್ನುವಾಗ, ಎರಡನೇ ದಾರಿ ಹಿಡಿದು ಮಾರಿದವನನ್ನು ಮೋಸಗಾರ ಅನ್ನಬಹುದಾ? ಕೊಳ್ಳೋರು ತಟ್ಟಿ ನೋಡ್ಕೋಬೇಕು, ಅದು ಅವರ ಜವಾಬ್ದಾರಿ ಅಂತ ಪಕ್ಕದ ದೋಣಿಯವರ ವಾದ. ಮೇಲ್ನೋಟಕ್ಕೆ ನ್ಯಾಯದ ಮಾತೇ. ಆದರೆ ಎಪಾಕ್ಸಿ ತುಂಬಿದ ಜಾಗ ತಟ್ಟಿದರೆ ಟಕ್ ಅನ್ನುತ್ತಲ್ಲ! ನನ್ನ ತಕರಾರು ಅಲ್ಲೇ. ಕೊಳೆತ ಡೆಕ್ ಕಾಲಿಟ್ಟಾಗ ಕುಗ್ಗಿ ನಿಜ ಹೇಳ್ತಿತ್ತು. ಈ ರಿಪೇರಿ ಕೊಳೆತವನ್ನು ಹಾಗೇ ಬಿಟ್ಟು, ಅದನ್ನು ಪತ್ತೆಹಚ್ಚೋ ದಾರಿಯನ್ನು ಮುಚ್ಚಿತು. (ಬಗ್ ಸರಿಮಾಡದೆ ಎರರ್ ಮೆಸೇಜ್ ಮಾತ್ರ ಬರದ ಹಾಗೆ ಮಾಡೋರು ನಮ್ಮಲ್ಲೂ ಇದ್ದಾರೆ ಬಿಡಿ.) ಮೊದಲು ತೂತು ಕೊರೆದವನದು ಅಸಡ್ಡೆ, ಮುಂದೇನಾಗುತ್ತೆ ಅಂತ ಅವನಿಗೆ ಗೊತ್ತಿರಲಿಕ್ಕಿಲ್ಲ. ಇವನಿಗೆ ಗೊತ್ತು. ಮುಂದೊಂದು ರಾತ್ರಿ ಅಲೆಗೆ ಆಯತಪ್ಪಿದ ಯಾರೋ ಕಂಬಿ ಹಿಡೀತಾರೆ. ಆ ಕಂಬಿಯ ಬೋಲ್ಟು ಕೂತಿರೋದು ಇದೇ ರಾಡಿಯಲ್ಲಿ. ದುಡ್ಡಿಲ್ಲದವರು ಅಗ್ಗದ ರಿಪೇರಿಯನ್ನೇ ಮಾಡಲಿ, ಎಲ್ಲೆಲ್ಲಿ ತುಂಬಿದ್ದು ಅಂತ ತೋರಿಸಿ ಮಾರಲಿ. ಅದರಲ್ಲಿ ನನಗೆ ಯಾವ ತಪ್ಪೂ ಕಾಣಲ್ಲ.

ನನ್ನ ಸಹೋದ್ಯೋಗಿ ಕೊಯ್ದೇ ಮಾಡಿದರು. ಮಳೆ ಶುರುವಾಗೋ ಹೊತ್ತಿಗೆ ಹಾಯಿಕಂಬದ ಸುತ್ತಲಿನದು ಮುಗಿದಿತ್ತು, ಎಡಬದಿಯಲ್ಲಿ ಎರಡಡಿ ಉಳಿದಿತ್ತು. ಮಾರುವಾಗ ಅದಕ್ಕೆ ಬಣ್ಣ ಬಳಿಯದೆ ಚಾಕ್‌ಪೀಸಿನ ಗೆರೆ ಹಾಗೇ ಬಿಟ್ಟಿದ್ದರು. ಕೊಂಡವನು ಅದನ್ನೇ ತೋರಿಸಿ 500 ಡಾಲರ್ ಇಳಿಸಿದ.