ಟಿಕೆಟ್ ಕ್ಲೋಸ್ ಆಯ್ತಾ?

ಮೂರು ವರ್ಷದ ಹಿಂದೆ ರಾಗಿ ಕೊಯ್ಯುವಾಗ ಕುಡುಗೋಲು ಜಾರಿ ಅಪ್ಪನ ಎಡಗೈಯ ಎರಡು ಬೆರಳಿನ ಟೆಂಡನ್ ತುಂಡಾಯಿತು. ಬೆರಳು ಮಡಚುವ ಹಗ್ಗ ಅದು. ಬೆಂಗಳೂರಿಗೆ ಕರ್ಕೊಂಡು ಬಂದೆ. ಕೈಗೆ ಅಂತಲೇ ಬೇರೆ ಸರ್ಜನ್ ಇರ್ತಾರೆ ಅಂತ ಗೊತ್ತಾಗಿದ್ದು ಆಗಲೇ. ಎಂಬಿಬಿಎಸ್ ಐದೂವರೆ ವರ್ಷ, ಮೂಳೆ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಇನ್ನಷ್ಟು ವರ್ಷ, ಅದಾದ ಮೇಲೆ ಕೈಗೇ ಪ್ರತ್ಯೇಕ ತರಬೇತಿ. ಮಣಿಕಟ್ಟೂ ಸೇರಿ 27 ಮೂಳೆ ಇರುವ ಒಂದು ಅಂಗಕ್ಕೆ ಇಷ್ಟು ಓದು!

ಆಪರೇಷನ್ ಮುಗಿಸಿ ಡಾಕ್ಟರ್ ಹೇಳಿದ್ದು ಇಷ್ಟೇ: "ನನ್ನ ಕೆಲಸ ಅರ್ಧ. ಉಳಿದರ್ಧ ಮನೇಲಿ." ಹೊಲಿದ ಟೆಂಡನ್ನು ಸುಮ್ಮನೆ ಬಿಟ್ಟರೆ ಸುತ್ತಲ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ಜೋರಾಗಿ ಎಳೆದರೆ ಕಿತ್ತುಹೋಗುತ್ತದೆ. ವಾರಗಟ್ಟಲೆ, ದಿನಾ, ಹದವಾಗಿ ಆಡಿಸಬೇಕು. ನಾನು ಬಿಲ್ ಕಟ್ಟಿದೆ, ವ್ಯಾಯಾಮದ ಹಾಳೆಯ ಫೋಟೊ ತಂಗಿಗೆ ವಾಟ್ಸಾಪ್ ಮಾಡಿದೆ, ಅಪ್ಪನ್ನ ಬಸ್ಸು ಹತ್ತಿಸಿದೆ. ಸೋಮವಾರ ರಿಲೀಸ್ ಇತ್ತು. ನನ್ನ ಲೆಕ್ಕದಲ್ಲಿ ಟಿಕೆಟ್ ಕ್ಲೋಸ್.

ಆ ಬೆರಳುಗಳು ಇವತ್ತಿಗೂ ಪೂರ್ತಿ ಮಡಚಲ್ಲ.

ಆಮೇಲೆ ಪಾಲ್ ಬ್ರ್ಯಾಂಡ್ ಬಗ್ಗೆ ಓದಿದೆ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಮೊದಲು ಕಲಿತದ್ದು ಮರಗೆಲಸ, ಕಟ್ಟಡದ ಕೆಲಸ, ಡಾಕ್ಟರಿಕೆ ಆಮೇಲೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಮುದುಡಿದ ಕೈ ಸರಿಹೋಗಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದ ಕಾಲ. ಇವರು ಮುಟ್ಟಿ ನೋಡಿದರು. ಅಂಗೈಯ ಸಣ್ಣ ಸ್ನಾಯುಗಳು ನಿಂತುಹೋಗಿದ್ದರೂ ಮುಂದೋಳಿನ ಕೆಲವು ಗಟ್ಟಿಯಾಗೇ ಇದ್ದವು. ಅಂಥ ಒಂದರ ಟೆಂಡನ್ ತಿರುಗಿಸಿ, ಸತ್ತದ್ದರ ಕೆಲಸಕ್ಕೆ ಹಚ್ಚಿದರು. ಕೈ ಬಿಚ್ಚಿಕೊಂಡವು.

ಕಥೆ ಅಲ್ಲಿಗೆ ಮುಗೀಲಿಲ್ಲ. ಕೈ ನೆಟ್ಟಗಾದವರಿಗೆ ಭಿಕ್ಷೆ ಹುಟ್ಟಲಿಲ್ಲ, ರೋಗದ ಹೆಸರಿಗೆ ಹೆದರಿ ಕೆಲಸವನ್ನೂ ಯಾರೂ ಕೊಡಲಿಲ್ಲ. ಬ್ರ್ಯಾಂಡ್ ಅವರಿಗಾಗಿ ಮರಗೆಲಸದ ಶಾಲೆ ತೆರೆದರು. ಹಳೇ ಬಡಗಿ ವಿದ್ಯೆ ಅಲ್ಲಿ ಕೆಲಸಕ್ಕೆ ಬಂತು.

ಇದು ಸರ್ಜನ್ ಮಾಡಬೇಕಾದ ಕೆಲಸವಾ? ಎಲ್ಲರೂ ಎಲ್ಲದಕ್ಕೂ ಹೊಣೆ ಅಂದ್ರೆ ಯಾರೂ ಮನೆಗೆ ಹೋಗೋಕಾಗಲ್ಲ. ನಿಜ, ಗೆರೆ ಎಳೀಲೇಬೇಕು. ಆದರೆ ನಾವು ಅದನ್ನ ನಮಗೆ ಅನುಕೂಲ ಆಗೋ ಕಡೆ ಎಳೀತೀವಿ. ಕೆಲಸ ಮುಗಿದಿದೆಯಾ ಅನ್ನೋದನ್ನ ಹೇಳಬೇಕಾದವನು ಆ ಕೈಯಲ್ಲಿ ಬದುಕಬೇಕಾದವನು.

ಅಪ್ಪನ ಡಾಕ್ಟರೂ ಗೆರೆ ಎಳೆದರು. ಆದರೆ ಉಳಿದರ್ಧ ಎಲ್ಲಿದೆ ಅಂತ ತೋರಿಸಿ, ಅದನ್ನ ಒಬ್ಬನ ಕೈಗೆ ಒಪ್ಪಿಸಿ ಹೋದರು. ಆ ಒಬ್ಬ ನಾನು. ನಾನು ಅದನ್ನ ಫಾರ್ವರ್ಡ್ ಮಾಡಿದೆ.

ಈ ಸಲ ಕೊಯ್ಲಿಗೆ ಊರಿಗೆ ಹೋಗಿದ್ದೆ. ಅಪ್ಪನ ಎಡಗೈ ಹಿಡಿಯಿಂದ ರಾಗಿ ತೆನೆ ಜಾರುತ್ತಿತ್ತು. ನಾನು ನೋಡಿದ್ದು ನೋಡಿ, "ಬಿಡ್ಲಾ ಮಗಾ, ನಿಂಗೂ ಕೆಲ್ಸ ಇತ್ತಲ್ಲ" ಅಂದರು.

ಬೈದಿದ್ದರೆ ಚೆನ್ನಾಗಿತ್ತು.